ಅಳಿವೆಯ ಹೊರಗೆ ಒಂದು ಶಿವರಾತ್ರಿ

ನೆಲದ ಮೇಲೆ ನಿಂತು ಕಡಲನ್ನು ನೋಡಿದವರು ಬಹಳ ಮಂದಿ. ಕಡಲಿನ ಮೇಲೆ ಕುಳಿತು ನೆಲವನ್ನು ನೋಡಿದವರು ಕೆಲವರು ಮಾತ್ರ. ಕರಾವಳಿಯ ಹೆದ್ದಾರಿಯಲ್ಲಿ ಸಾಗುವ ಪ್ರಯಾಣಿಕನಿಗೆ ಸಮುದ್ರವು ತೆಂಗಿನ ಮರಗಳ ಸಂದಿನಲ್ಲಿ ಒಮ್ಮೆ ಇಣುಕಿ, ಮತ್ತೊಮ್ಮೆ ಮರೆಯಾಗಿ, ಮರವಂತೆಯಂಥ ಒಂದೆರಡು ಕಡೆಗಳಲ್ಲಷ್ಟೇ ರಸ್ತೆಯ ಮಗ್ಗುಲಿಗೇ ಬಂದು ನಿಲ್ಲುತ್ತದೆ. ಊರುಗಳೂ ಹಾಗೆಯೇ: ಒಂದು ಮುಗಿದ ಮೇಲೆ ಇನ್ನೊಂದು, ನಡುವೆ ಒಂದು ಹೊಳೆ. ಆದರೆ ಹಾಯಿಹಡಗಿನಿಂದ ನೋಡಿದವನಿಗೆ ಈ ನಾಡು ಹೀಗೆ ತುಂಡುತುಂಡಾಗಿ ಕಾಣುವುದಿಲ್ಲ. ಮೇಲೆ ಸಹ್ಯಾದ್ರಿಯ ನೀಲಿ ಗೋಡೆ, ಅದರ ಕೆಳಗೆ ಮುರಕಲ್ಲಿನ ಕೆಂಪು ಗುಡ್ಡಗಳು, ಅವುಗಳ ಬುಡದಲ್ಲಿ ತೆಂಗಿನ ಹಸುರು, ಎಲ್ಲಕ್ಕೂ ಕೆಳಗೆ ಮರಳಿನ ಬಿಳಿಯ ಗೆರೆ. ಉದ್ದಕ್ಕೂ ಹಾಸಿದ ಒಂದೇ ಸೀರೆಯ ಅಂಚಿನಂತೆ ಅದು ನಿಧಾನವಾಗಿ ಹಿಂದೆ ಸರಿಯುತ್ತ ಹೋಗುತ್ತದೆ.

ನನ್ನ ಒಂಬತ್ತನೆಯ ವಯಸ್ಸಿನಲ್ಲಿ ಆ ನೋಟ ನನಗೆ ಒದಗಿತು. ಒದಗಿಸಿದವು ಎಂಟು ಗ್ರಹಗಳು!

ಹರಕೆ

ಹಿರಿಯ ಓದುಗರಿಗೆ ನೆನಪಿರಬಹುದು. 1962ರ ಫೆಬ್ರವರಿಯ ಮೊದಲ ವಾರದಲ್ಲಿ ಅಷ್ಟಗ್ರಹಗಳು ಮಕರರಾಶಿಯಲ್ಲಿ ಕೂಡಿದವು. ಅಂದಿಗೆ ಪ್ರಳಯವೇ ಆಗುವುದೆಂಬ ಸುದ್ದಿ ಅದಕ್ಕೂ ಮೊದಲೇ ದೇಶದ ಉದ್ದಗಲಕ್ಕೂ ಹಬ್ಬಿತ್ತು. ಊರೂರುಗಳಲ್ಲಿ ಹೋಮಹವನಗಳು ನಡೆದವು. ಕಡಲು ಉಕ್ಕಿ ಬಂದು ನಮ್ಮ ಗಂಗೊಳ್ಳಿಯನ್ನು ನುಂಗಿಬಿಡುವುದೆಂದು ನಾವು ಶಾಲೆಯ ಹುಡುಗರು ನಂಬಿದ್ದೆವು. ಮರುದಿನದ ಲೆಕ್ಕಗಳನ್ನು ಮಾಡದೆ ಬಿಟ್ಟವರೂ ನಮ್ಮಲ್ಲಿ ಇದ್ದರು. ನನ್ನ ಅಜ್ಜಿ ಮಾತ್ರ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೈಮುಗಿದು ಹರಕೆ ಹೊತ್ತರು: ಮಕ್ಕಳುಮರಿ ಉಳಿದರೆ ಈ ಸಲದ ಶಿವರಾತ್ರಿಗೆ ಗೋಕರ್ಣಕ್ಕೆ ಬಂದು, ಆ ರಾತ್ರಿ ಮಹಾಬಲೇಶ್ವರನ ಸನ್ನಿಧಿಯಲ್ಲಿಯೇ ಜಾಗರಣೆ ಮಾಡುತ್ತೇನೆ ಎಂದು.

ಗ್ರಹಗಳು ಕೂಡಿದವು, ಅಗಲಿದವು. ಜಗತ್ತು ಉಳಿಯಿತು. ಶಿವರಾತ್ರಿಗೆ ಇನ್ನು ಒಂದೇ ತಿಂಗಳು.

ಗಂಗೊಳ್ಳಿಯೆಂದರೆ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಂದಾಗಿ ಸಮುದ್ರವನ್ನು ಸೇರುವ ಸ್ಥಳ. ಅಲ್ಲಿಂದ ಗೋಕರ್ಣ ಹಕ್ಕಿ ಹಾರುವ ಲೆಕ್ಕದಲ್ಲಿ ನೂರು ಕಿಲೋಮೀಟರುಗಳಷ್ಟು. ಆದರೆ ಅಂದಿನ ಮನುಷ್ಯರಿಗೆ ಅದು ದೂರದ ಪ್ರಯಾಣ. ಹೊನ್ನಾವರದಲ್ಲಿ ಶರಾವತಿಗೆ ಸೇತುವೆಯಿರಲಿಲ್ಲ. ಬಸ್ಸಿನಿಂದಿಳಿದು, ಗಂಟುಮೂಟೆ ಹೊತ್ತು, ಕಡವು ದಾಟಿ, ಆಚೆಯ ದಡದಲ್ಲಿ ಮತ್ತೊಂದು ಬಸ್ಸಿಗಾಗಿ ಕಾಯಬೇಕು. ಅಜ್ಜಿಗೋ ಬಸ್ಸಿನ ಎಣ್ಣೆಯ ವಾಸನೆ ಬಡಿದರೆ ಹೊಟ್ಟೆ ತೊಳಸುತ್ತಿತ್ತು.

ಅಪ್ಪಯ್ಯ ಹೊಳೆಯ ದಂಡೆಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಕರಾವಳಿಯ ಹೊಳೆದಂಡೆಗಳಲ್ಲೆಲ್ಲ ಹರಡಿಕೊಂಡಿದ್ದ ಕಾಲವದು. ಸುಟ್ಟ ಹೆಂಚನ್ನು ಸಾಗಿಸಲು ಹಾಯಿಯ ಮಂಜಿಗಳಿದ್ದವು. ಅಂಥ ಒಂದು ಮಂಜಿ ಹೆಂಚು ಹೇರಿಕೊಂಡು ಅಘನಾಶಿನಿಯ ಮುಖದಲ್ಲಿರುವ ತದಡಿಗೆ ಹೊರಟಿತ್ತು. ತದಡಿಯಿಂದ ಗೋಕರ್ಣಕ್ಕೆ ಮೂರು ನಾಲ್ಕು ಮೈಲಿ. ಮಂಜಿಯ ಧಣಿಗಳು ಅಪ್ಪಯ್ಯನಿಗೆ ಪರಿಚಿತರು. ಶಿವರಾತ್ರಿಯ ದಿನ ಬೆಳಗ್ಗೆಯೇ ತದಡಿ ಸೇರಬಹುದೆಂದು ಲೆಕ್ಕ ಹಾಕಿ, ಅಜ್ಜಿ, ಅಪ್ಪಯ್ಯ, ಅಮ್ಮ, ನಾನು, ನಾಲ್ಕು ವರ್ಷದ ನನ್ನ ತಮ್ಮ, ಐವರೂ ಹೊರಟೆವು.

ಕಾಯುವುದರ ಪಾಠ

ಮಂಜಿಯ ಕೂವೆಮರ ನೆಟ್ಟಗಿರದೆ ತುಸು ಮುಂದಕ್ಕೆ ಬಾಗಿತ್ತು. ಅದಕ್ಕೆ ಓರೆಯಾಗಿ ಕಟ್ಟಿದ ಉದ್ದನೆಯ ಅಡ್ಡಮರ, ಆ ಮರಕ್ಕೆ ಮೂರು ಮೂಲೆಯ ಭಾರಿ ಹಾಯಿ. ಹೊಟ್ಟೆಯ ತುಂಬ ಹೆಂಚು. ಹಲಗೆಗಳಿಂದ ಮೀನೆಣ್ಣೆಯ ವಾಸನೆ. ಹಿಂಭಾಗದಲ್ಲಿ ಚುಕ್ಕಾಣಿಯ ಹತ್ತಿರ ತೆಂಗಿನ ಮಡಲು ಹೊದಿಸಿದ ಸಣ್ಣ ಮಾಡು. ಅದೇ ನಮ್ಮ ಬಿಡಾರ. ಮುಂಭಾಗದಲ್ಲಿ ಮಣ್ಣು ತುಂಬಿದ ಮರದ ಪೆಟ್ಟಿಗೆಯೊಂದಿತ್ತು. ಖಲಾಸಿಗಳ ಒಲೆ ಅದರ ಮೇಲೆ. ಬದಿಯಲ್ಲಿ ಕುಡಿಯುವ ನೀರಿನ ಪೀಪಾಯಿ.

ಅಜ್ಜಿ ಮಡಿಯ ಹೆಂಗಸು. ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನಮ್ಮ ಬಾವಿಯ ನೀರು ತುಂಬಿದ ತಾಮ್ರದ ಕೊಡಪಾನವನ್ನು ಮಗ್ಗುಲಲ್ಲಿ ಇರಿಸಿಕೊಂಡು ಕುಳಿತರು. ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಇವಿಷ್ಟೇ ಅವರ ಆಹಾರ. ಮುಂದಿನ ಒಲೆಯಲ್ಲಿ ಒಣಮೀನು ಬೇಯುವಾಗ ಅವರು ಗಾಳಿ ಬರುವ ಕಡೆಗೆ ಸರಿದು ಕೂಡುತ್ತಿದ್ದರು. ಗಾಳಿ ತಿರುಗಿದಂತೆ ಅಜ್ಜಿಯ ಆಸನವೂ ತಿರುಗುತ್ತಿತ್ತು. ಗಾಳಿಯ ದಿಕ್ಕನ್ನು ನಾನು ಮೊದಲು ಕಲಿತದ್ದು ಅಜ್ಜಿಯಿಂದ!

ತಾಂಡೇಲನಿಗೆ ಐವತ್ತು ದಾಟಿದ್ದಿರಬೇಕು. ಖಾರ್ವಿ ಜನ. ಉಪ್ಪುಗಾಳಿಗೆ ಒಣಗಿದ ಮುಖ, ಕಡಿಮೆ ಮಾತು. ಅಪ್ಪಯ್ಯ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವರಾದರೂ ಅವನನ್ನು ಏಕವಚನದಲ್ಲಿಯೇ ಕರೆಯುತ್ತಿದ್ದರು. ಅವನು ಅಪ್ಪಯ್ಯನನ್ನು ‘ರಾಯರೇ’ ಎನ್ನುತ್ತಿದ್ದ. ಅಂದು ಅದು ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ, ನನಗೂ ಎನಿಸಲಿಲ್ಲ.

ಬೆಳಗಿನ ಉಬ್ಬರದಲ್ಲಿ ಗಂಗೊಳ್ಳಿಯ ಅಳಿವೆಯನ್ನು ದಾಟಿ ಹೊರಗೆ ಬಂದೆವು. ಇನ್ನು ಹಾಯಿ ತುಂಬಿಕೊಂಡು ಬಾಣದಂತೆ ಓಡುತ್ತೇವೆಂದು ನಾನು ಕಾದಿದ್ದರೆ, ತಾಂಡೇಲ ಲಂಗರು ಇಳಿಸಿಬಿಟ್ಟ. ಹೊರಟ ದಿನವೆಲ್ಲ ನಾವು ನಮ್ಮ ಊರಿನ ತೆಂಗಿನ ಮರಗಳನ್ನೇ ನೋಡುತ್ತ ಕುಳಿತೆವು.

“ಇದೆಂಥದು, ಹೊರಟೂ ನಿಂತದ್ದು?” ಎಂದು ಅಪ್ಪಯ್ಯ ಕೇಳಿದರು.

“ಅಳಿವೆ ದಾಟುವುದು ಹಗಲು, ಬಡಗು ಹೋಗುವುದು ರಾತ್ರಿ, ರಾಯರೇ” ಎಂದ ತಾಂಡೇಲ.

ಆ ಒಂದು ಮಾತಿನಲ್ಲಿ ಹಾಯಿಯ ಕಾಲದ ಶಾಸ್ತ್ರವೆಲ್ಲ ಅಡಗಿದ್ದಿತೆಂದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಬೇಸಗೆಯ ಮೊದಲ ತಿಂಗಳುಗಳಲ್ಲಿ ನಮ್ಮ ಕರಾವಳಿಗೆ ಎರಡು ಗಾಳಿ. ಹಗಲಿನಲ್ಲಿ ನೆಲ ಕಾದು, ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ತೆರವಿಗೆ ಕಡಲಿನ ಗಾಳಿ ನುಗ್ಗುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಅದು ವಾಯವ್ಯದಿಂದ ಬೀಸುವುದರಿಂದ ಉತ್ತರಕ್ಕೆ ಹೋಗುವ ಹಡಗಿಗೆ ಎದುರುಗಾಳಿ. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುತ್ತದೆ. ಆಗ ಗಾಳಿ ತಿರುಗಿ ಮೂಡಲಿಂದ, ಗದ್ದೆ ತೋಟಗಳ ವಾಸನೆ ಹೊತ್ತು, ಕಡಲಿನತ್ತ ಹರಿಯುತ್ತದೆ. ಹಾಯಿಗೆ ಬದಿಯಿಂದ ಸಿಗುವ ಆ ಗಾಳಿಯಲ್ಲಿ ಉತ್ತರಕ್ಕೂ ಹೋಗಬಹುದು, ದಕ್ಷಿಣಕ್ಕೂ ಹೋಗಬಹುದು. ಅಳಿವೆಯ ಮಾತು ಬೇರೆ. ಹೊಳೆ ತಂದು ಸುರಿದ ಮರಳು ಅಲ್ಲಿ ದಿಬ್ಬಗಟ್ಟಿ, ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಅದನ್ನು ಕಣ್ಣಿನಿಂದ ನೋಡಿಯೇ ದಾಟಬೇಕು.

ನಡುರಾತ್ರಿಯ ಹೊತ್ತಿಗೆ ಮುಖಕ್ಕೆ ತಣ್ಣನೆಯ ಗಾಳಿ ತಗುಲಿತು. ಖಲಾಸಿಗಳು ಒಟ್ಟಾಗಿ ಕೂಗು ಹಾಕುತ್ತ ಹಾಯಿ ಏರಿಸಿದರು. ಅಷ್ಟು ದೊಡ್ಡ ಬಟ್ಟೆ ಗಾಳಿ ತುಂಬಿದೊಡನೆ ಸದ್ದು ನಿಲ್ಲಿಸಿ ಮೌನವಾದದ್ದು ನನಗೆ ಆಶ್ಚರ್ಯವೆನಿಸಿತು. ಮಂಜಿ ಒಂದು ಮಗ್ಗುಲಿಗೆ ಒರಗಿ ಚಲಿಸತೊಡಗಿತು. ಕತ್ತಲೆಯ ನೀರನ್ನು ಅದು ಸೀಳಿದ ಕಡೆಯಲ್ಲೆಲ್ಲ ನೀಲಿ ಬೆಳಕು ಎದ್ದು ಆರುತ್ತಿತ್ತು. ನೀರಿಗೆ ಬೆಂಕಿ ಹತ್ತಿತೆಂದು ತಮ್ಮ ಕಿರುಚಿದ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ಕಲಕಿದಾಗ ಹೊಮ್ಮಿಸುವ ಬೆಳಕು ಅದೆಂದು ಈಗ ಹೇಳಬಲ್ಲೆ. ಅಂದು ಅಷ್ಟಗ್ರಹಗಳ ಉಳಿದ ಬೆಂಕಿಯೆಂದೇ ನಾನು ಎಣಿಸಿದೆ. ಎದುರಿಗೆ, ನೀರಿನಿಂದ ಸ್ವಲ್ಪವೇ ಮೇಲೆ, ಧ್ರುವನಕ್ಷತ್ರ. ತಾಂಡೇಲ ಅದನ್ನು ಕೂವೆಮರದ ಪಕ್ಕದಲ್ಲಿ ಇರಿಸಿಕೊಂಡು ಚುಕ್ಕಾಣಿ ಹಿಡಿದಿದ್ದ.

ಅಜ್ಜಿಯ ಭೂಗೋಲ

ಬೆಳಗಾದಾಗ ಬೈಂದೂರಿನ ಒತ್ತಿನೆಣೆಯ ಕೆಂಪು ಗುಡ್ಡ ಹಿಂದುಳಿದು, ಭಟ್ಕಳದ ಗುಡ್ಡಗಳು ಬಲಗಡೆ ಎದ್ದಿದ್ದವು. ಖಲಾಸಿಯೊಬ್ಬ ಸೀಸದ ಗುಂಡು ಕಟ್ಟಿದ ಹಗ್ಗವನ್ನು ನೀರಿಗೆ ಬಿಟ್ಟು ಆಳವನ್ನು ಮಾರಿನ ಲೆಕ್ಕದಲ್ಲಿ ಕೂಗುತ್ತಿದ್ದ. ಗುಂಡಿನ ಬುಡಕ್ಕೆ ಮೆತ್ತಿದ ಕೊಬ್ಬಿಗೆ ಅಂಟಿಕೊಂಡು ಬಂದ ಕೆಸರನ್ನು ತಾಂಡೇಲ ಬೆರಳಿನಲ್ಲಿ ತಿಕ್ಕಿ, ಮೂಸಿ, ಹಡಗು ಎಲ್ಲಿದೆಯೆಂದು ಹೇಳುತ್ತಿದ್ದ. ಶಾಲೆಯ ಗೋಡೆಯ ಮೇಲೆ ತೂಗುಹಾಕಿದ ನಕಾಶೆಯನ್ನು ಮಾತ್ರ ನೋಡಿದ್ದ ನನಗೆ, ಮೂಗಿನಿಂದಲೂ ಭೂಗೋಲ ಓದಬಹುದೆಂಬುದು ಹೊಸ ವಿಷಯ.

ಅಜ್ಜಿಯ ಭೂಗೋಲ ಇನ್ನೊಂದು ಬಗೆಯದು. ರಾವಣನು ಕೈಲಾಸದಿಂದ ತಂದ ಆತ್ಮಲಿಂಗವನ್ನು ಗಣಪತಿ ಗೋಕರ್ಣದಲ್ಲಿ ನೆಲಕ್ಕಿಟ್ಟ ಕಥೆ ಎಲ್ಲರಿಗೂ ಗೊತ್ತು. ಕೀಳಲಾಗದ ಸಿಟ್ಟಿನಲ್ಲಿ ರಾವಣನು ಲಿಂಗದ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆಗಳನ್ನು ಒಂದೊಂದು ದಿಕ್ಕಿಗೆ ಎಸೆದನಂತೆ. ಅವು ಬಿದ್ದಲ್ಲೆಲ್ಲ ಒಂದೊಂದು ಕ್ಷೇತ್ರವಾಯಿತು. “ಬಟ್ಟೆ ಬಿದ್ದದ್ದು ಇಲ್ಲಿ, ಮಾಣಿ” ಎಂದು ಅಜ್ಜಿ ಮುರುಡೇಶ್ವರದ ಕಡೆಗೆ ಕೈತೋರಿಸಿದರು. ಇಂದು ಅಲ್ಲಿ 20 ಅಂತಸ್ತಿನ ರಾಜಗೋಪುರವೂ ಶಿವನ ಬೃಹತ್ ಮೂರ್ತಿಯೂ ಇವೆ. ಬಹು ದೂರದ ದೋಣಿಗೂ ಅವು ಕಾಣಿಸುತ್ತವೆ. ಅಂದು ಇದ್ದದ್ದು ಕಡಲಿಗೆ ಚಾಚಿದ ಕಂದುಕಗಿರಿಯ ಬಂಡೆ, ತಾಳೆ ತೆಂಗು, ಒಂದು ಚಿಕ್ಕ ಗುಡಿ. ಪಡುವಲಿಗೆ ತಿರುಗಿದರೆ ದೂರದಲ್ಲಿ ನೇತ್ರಾಣಿ ದ್ವೀಪ ಮುಳುಗಿದ ಆನೆಯ ಬೆನ್ನಿನಂತೆ ಕಾಣುತ್ತಿತ್ತು. ಕಾಡುಪಾರಿವಾಳಗಳು ತುಂಬಿರುವುದರಿಂದ ಅದಕ್ಕೆ ಪಾರಿವಾಳಗುಡ್ಡವೆಂದೂ ಹೆಸರು.

ಆ ಮಧ್ಯಾಹ್ನ ಎದುರುಗಾಳಿ ಎದ್ದಾಗ ಕಂದುಕಗಿರಿಯ ಮರೆಯಲ್ಲಿ ಲಂಗರು ಹಾಕಿ, ಮತ್ತೆ ರಾತ್ರಿಗಾಗಿ ಕಾದೆವು. ಆದರೆ ಆ ರಾತ್ರಿಯ ಮೂಡುಗಾಳಿ ನಮ್ಮ ಲೆಕ್ಕವನ್ನು ಕೆಡಿಸಿತು. ಒಂದು ಗಳಿಗೆ ಬೀಸಿ, ಎರಡು ಗಳಿಗೆ ಮಲಗಿ, ಬೆಳಗಿನ ಜಾವಕ್ಕೆ ಪೂರ್ತಿ ಸತ್ತುಹೋಯಿತು. ಶಿವರಾತ್ರಿಯ ಸೂರ್ಯ ಹುಟ್ಟಿದಾಗ ನಾವಿದ್ದದ್ದು ಗುಣವಂತೆಯ ಎದುರಿಗೆ. “ಮುಚ್ಚಳ ಬಿದ್ದದ್ದು ಇಲ್ಲಿ” ಎಂದರು ಅಜ್ಜಿ. ಆದರೆ ಅವರ ದನಿಯಲ್ಲಿ ನಿನ್ನೆಯ ಹುರುಪಿರಲಿಲ್ಲ. ಗೋಕರ್ಣ ಇನ್ನೂ ದೂರ.

ನೀರು ಎಣ್ಣೆಯಂತೆ ನಿಶ್ಚಲವಾಗಿತ್ತು. ಹಾಯಿ ಜೋತು ಬಿದ್ದಿತ್ತು. ಮಡಲಿನ ಮಾಡಿನ ಕೆಳಗೆ ಅಮ್ಮ ತಲೆ ಎತ್ತಲಾರದೆ ಮಲಗಿದ್ದಳು. ಬಿಸಿಲಿಗೆ ತಮ್ಮನ ಮೈ ಕಾದಿತ್ತು. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ತಾಂಡೇಲ ಓರೆ ಓರೆಯಾಗಿ ಹಡಗು ಓಡಿಸಿದ. ಒಮ್ಮೆ ಕಡಲಿನ ಕಡೆಗೆ, ಒಮ್ಮೆ ದಡದ ಕಡೆಗೆ, ಹತ್ತು ಹೆಜ್ಜೆ ನಡೆದು ಒಂದು ಹೆಜ್ಜೆ ಮುಂದೆ ಸರಿದಂತೆ. ಹೊನ್ನಾವರದ ಆಚೆ ಬಸವರಾಜದುರ್ಗದ ದ್ವೀಪವನ್ನೂ ಅದರ ಹಳೆಯ ಕೋಟೆಯ ಗೋಡೆಯನ್ನೂ ನಾನು ಮೂರು ಸಲ ನೋಡಿದೆ. ಮೂರನೆಯ ಸಲ ಅದು ನನಗೆ ಶತ್ರುವಿನಂತೆ ತೋರಿತು. ದಾರ ಬಿದ್ದ ಧಾರೇಶ್ವರ ಬಂದಾಗ ಅಜ್ಜಿ ಕೈಮುಗಿದರು, ಮಾತನಾಡಲಿಲ್ಲ.

ನೀರು, ಗಾಳಿ, ಬೆಳಕು

ಅಘನಾಶಿನಿಯ ಮುಖಕ್ಕೆ ಬಂದಾಗ ಸೂರ್ಯ ಮುಳುಗಲು ಒಂದು ಮಾರು ಉಳಿದಿದ್ದ. ಅಳಿವೆಯ ಉದ್ದಕ್ಕೂ ಬಿಳಿಯ ನೊರೆಯ ಸಾಲು. ಅದರಾಚೆ ತದಡಿಯ ಮನೆಗಳ ಹೊಗೆ. ಇಷ್ಟು ಹತ್ತಿರ! ತಾಂಡೇಲ ಎದ್ದು ನಿಂತು, ಕಣ್ಣಿಗೆ ಕೈ ಮರೆಮಾಡಿ ಬಹಳ ಹೊತ್ತು ನೋಡಿದ. ಆಮೇಲೆ ಲಂಗರು ಇಳಿಸಲು ಹೇಳಿದ.

ಅಪ್ಪಯ್ಯ ಧಿಗ್ಗನೆದ್ದರು. “ಏನು, ಇಲ್ಲಿಯೇ ನಿಲ್ಲುತ್ತೀಯಾ? ಇವತ್ತು ಶಿವರಾತ್ರಿ ಎಂಬುದು ಗೊತ್ತಿದೆಯೋ ಇಲ್ಲವೋ?”

“ಗೊತ್ತಿದೆ, ರಾಯರೇ. ಈಗ ಇಳಿತ ಮುಗಿದು ಉಬ್ಬರ ಆರಂಭವಾಗಿದೆಯಷ್ಟೆ. ಮರಳಿನ ಮೇಲೆ ನೀರು ಸಾಲದು. ಹೆಂಚಿನ ಭಾರಕ್ಕೆ ಮಂಜಿ ತಳ ಹಿಡಿದರೆ ಹಿಂದಿನ ಅಲೆ ಅದನ್ನು ಒಡೆಯುತ್ತದೆ.”

“ಉಬ್ಬರ ತುಂಬಿದ ಮೇಲೆ?”

“ಅದು ರಾತ್ರಿಗೆ. ಚಂದ್ರನಿಲ್ಲ. ದಾರಿ ಕಾಣದು.”

ಅಪ್ಪಯ್ಯ ಬೈದರು, ಬೇಡಿಕೊಂಡರು, ಕೊನೆಗೆ ಜೇಬಿಗೆ ಕೈಹಾಕಿ ಹಣದ ಮಾತನ್ನೂ ಆಡಿದರು. ತಾಂಡೇಲ ಸಿಟ್ಟಾಗಲಿಲ್ಲ. “ಹಣ ನನಗೆ ಬೇಕು, ರಾಯರೇ. ನೀರಿಗೆ ಬೇಡ” ಎಂದು ಹೇಳಿ ಹಗ್ಗ ನೋಡಲು ಮುಂದಕ್ಕೆ ಹೋದ. ನನ್ನ ಅಪ್ಪಯ್ಯನ ಮಾತು ನಡೆಯದೆ ಹೋದದ್ದನ್ನು ನಾನು ಕಂಡದ್ದು ಅದೇ ಮೊದಲು. ಆ ಕತ್ತಲಾಗುವ ಹೊತ್ತಿನಲ್ಲಿ ಅವರು ಕೂವೆಮರವನ್ನು ಹಿಡಿದು ನಿಂತಿದ್ದ ರೀತಿಯಿಂದ, ಅವರಿಗೂ ಭಯವಾಗಿದೆಯೆಂದು ನನಗೆ ತಿಳಿಯಿತು. ದೊಡ್ಡವರು ಹೆದರುತ್ತಾರೆಂಬ ಅರಿವು ಮಕ್ಕಳಿಗೆ ಅಲೆಗಿಂತ ದೊಡ್ಡ ಹೆದರಿಕೆ.

ಅಷ್ಟರಲ್ಲಿಯೇ ಇನ್ನೊಂದು ಅನಾಹುತವಾಯಿತು. ಲಂಗರಿನ ಹಗ್ಗ ಬಿಗಿಯುವ ಮೊದಲು ಮಂಜಿ ಅಲೆಗೆ ಅಡ್ಡವಾಗಿ ತಿರುಗಿ ಒಮ್ಮೆ ಜೋರಾಗಿ ಹೊರಳಿತು. ಅಜ್ಜಿಯ ಕೊಡಪಾನ ಉರುಳಿ, ಚುಕ್ಕಾಣಿಯ ಕಂಬಕ್ಕೆ ಬಡಿದು ತಗ್ಗಾಯಿತು. ನಮ್ಮ ಬಾವಿಯ ನೀರಿನಲ್ಲಿ ಉಳಿದಿದ್ದಷ್ಟೂ ಹಲಗೆಯ ಸಂದಿನಿಂದ ಹೆಂಚಿನ ಮೇಲೆ ಇಳಿದುಹೋಯಿತು.

ತಮ್ಮ ನೀರು ನೀರು ಎಂದು ಅಳುತ್ತಿದ್ದ. ಅಮ್ಮ ಅಜ್ಜಿಯ ಮುಖ ನೋಡಿದಳು. “ಮಗುವಿಗೆ ಎಂಥ ಮಡಿ?” ಎಂದು ಅಜ್ಜಿಯೇ ಪೀಪಾಯಿಯ ನೀರು ತರಿಸಿ ಅವನಿಗೆ ಕುಡಿಸಿದರು. ನಾವೆಲ್ಲರೂ ಕುಡಿದೆವು. ಅಜ್ಜಿ ಕುಡಿಯಲಿಲ್ಲ. “ನನಗೆ ಇವತ್ತು ಉಪವಾಸವಲ್ಲವೇ?” ಎಂದರು. ಬೆಳಗಿನಿಂದ ಬಿಸಿಲಿನಲ್ಲಿ ಒಣಗಿದ ಅವರ ತುಟಿ ಒಡೆದಿತ್ತು.

ನಾಲ್ಕನೆಯ ಯಾಮ

ಶಿವರಾತ್ರಿಯ ಕತ್ತಲೆಯನ್ನು ಕಡಲಿನ ಮೇಲೆಯೇ ನೋಡಬೇಕು. ಆಕಾಶದಲ್ಲಿ ನಕ್ಷತ್ರಗಳು ಕಿಕ್ಕಿರಿದಿದ್ದವು. ಕೆಳಗೆ ಮಂಜಿಯದೊಂದೇ ಲಾಂದ್ರ. ಕತ್ತಲೆಯಲ್ಲಿ ಅಳಿವೆಯ ಮೊರೆತ ನಿಲ್ಲದೆ ಕೇಳುತ್ತಿತ್ತು. ದೂರದ ಗುಡ್ಡದ ದಾರಿಯಲ್ಲಿ ಸೂಡಿಯ ಬೆಳಕುಗಳು ಒಂದರ ಹಿಂದೊಂದು ಗೋಕರ್ಣದ ಕಡೆಗೆ ಸಾಗುತ್ತಿದ್ದವು. ಅಜ್ಜಿ ಅವನ್ನು ನೋಡುತ್ತ ಜಪ ಮಾಡುತ್ತ ಕುಳಿತರು. ಅಪ್ಪಯ್ಯ ಎರಡನೆಯ ಯಾಮದವರೆಗೆ ಕೂತಿದ್ದು, ಅಲ್ಲಿಯೇ ಒರಗಿ ನಿದ್ದೆಹೋದರು.

ಎಚ್ಚರವಿದ್ದವರು ಮೂವರು. ಅಜ್ಜಿ, ಲಂಗರಿನ ಹಗ್ಗದ ಮೇಲೆ ಕೈಯಿಟ್ಟುಕೊಂಡು ಅದರ ಎಳೆತವನ್ನು ಗಮನಿಸುತ್ತಿದ್ದ ತಾಂಡೇಲ, ಮತ್ತು ಕಣ್ಣುಮುಚ್ಚಿ ಮಲಗಿದ್ದ ನಾನು.

“ನಿನಗೂ ಜಾಗರಣೆಯೇ?” ಎಂದು ಅಜ್ಜಿ ಕೇಳಿದ್ದು ನನಗೆ ಕೇಳಿಸಿತು.

“ಲಂಗರಿನ ಮೇಲಿದ್ದಾಗ ನಮಗೆ ದಿನವೂ ಶಿವರಾತ್ರಿಯೇ, ಅಮ್ಮ” ಎಂದ ತಾಂಡೇಲ.

ಅಜ್ಜಿ ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಕೆಮ್ಮು ಒಂದಾದ ಮೇಲೆ ಒಂದು ಬಂದು ನಿಲ್ಲದಾಯಿತು. ತಾಂಡೇಲ ಎದ್ದು ಹೋಗಿ ಏನನ್ನೋ ತಂದ. ಅರೆಗಣ್ಣು ತೆರೆದು ನೋಡಿದೆ. ಅವನ ಕೈಯಲ್ಲಿ ಸಿಪ್ಪೆ ಸುಲಿದ ತೆಂಗಿನಕಾಯಿ, ಇನ್ನೊಂದು ಕೈಯಲ್ಲಿ ಕತ್ತಿ.

“ಒಡೆದುಕೊಡುತ್ತೇನೆ, ಅಮ್ಮ. ಇದರೊಳಗಿನ ನೀರನ್ನು ಯಾರೂ ಮುಟ್ಟಿಲ್ಲ.”

“ಎಷ್ಟು ಕಾಯಿ ಇವೆ?”

“ಇದೊಂದೇ.”

“ಯಾತಕ್ಕೆ ಇಟ್ಟದ್ದು?”

ತಾಂಡೇಲ ಉತ್ತರಿಸಲು ತಡೆದ. “ನಾಳೆ ಅಳಿವೆ ದಾಟುವಾಗ ಗಂಗೆಗೆ” ಎಂದ ಕೊನೆಗೆ.

ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. ನನಗೆ ಕೇಳಿಸುತ್ತಿದ್ದದ್ದು ಅಳಿವೆಯ ಸದ್ದು, ತಮ್ಮನ ಉಸಿರು. “ಅದು ಅವಳದು. ಅದನ್ನು ಮುಟ್ಟಬೇಡ. ಇಷ್ಟು ಜೀವ ಇದೆ ಇದರೊಳಗೆ” ಎಂದರು. ಆಮೇಲೆ ನಾನು ಎಂದೂ ಊಹಿಸದಿದ್ದ ಕೆಲಸ ಮಾಡಿದರು. ಸೆರಗನ್ನು ಬಿಗಿಯಾಗಿ ಎಳೆದುಕೊಂಡು, ಎರಡು ಕೈಗಳನ್ನು ಬೊಗಸೆ ಮಾಡಿ ಅವನ ಮುಂದೆ ಚಾಚಿದರು.

“ನಿನ್ನ ಪೀಪಾಯಿಯ ನೀರೇ ಹಾಕು.”

ತಾಂಡೇಲ ಕದಲಲಿಲ್ಲ. ಹೆದರಿದವನಂತೆ ಕಂಡ. ಹೊರಳಾಡುವ ಅಲೆಗೆ ಹೆದರದವನು ಆ ಬೊಗಸೆಗೆ ಹೆದರಿದ. ಅಜ್ಜಿ ಕೈ ಹಿಂದೆಗೆಯಲಿಲ್ಲ. ಕೊನೆಗೆ ಅವನು ಹೋಗಿ ಚೊಂಬಿನಲ್ಲಿ ನೀರು ತಂದು, ಮೇಲಿನಿಂದ ತಾಗದಂತೆ ಎತ್ತರಿಸಿ ಹುಯ್ದ. ಅಜ್ಜಿ ಕುಡಿದರು, ಮತ್ತೆ ಚಾಚಿದರು, ಮತ್ತೆ ಕುಡಿದರು. ಒದ್ದೆಯಾದ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಇಬ್ಬರೂ ಒಂದು ಮಾತೂ ಆಡಲಿಲ್ಲ. ಅದು ನಾಲ್ಕನೆಯ ಯಾಮವಾಗಿದ್ದಿರಬೇಕು. ಸ್ವಲ್ಪ ಹೊತ್ತಿನಲ್ಲಿಯೇ ಸಹ್ಯಾದ್ರಿಯ ಹಿಂದೆ ಬೂದುಬಣ್ಣ ಕಾಣಿಸಿಕೊಂಡಿತು.

ದಾಟಿದ್ದು

ಬೆಳಕಾದ ಮೇಲೆ ಅಪ್ಪಯ್ಯ ಅಳಿವೆಯನ್ನು ನೋಡಿದರು. ಎರಡೂ ಕಡೆಯ ಮರಳದಿಬ್ಬಗಳ ಮೇಲೆ ಅಲೆಗಳು ಮನೆಯ ಗೋಡೆಯಂತೆ ಎದ್ದು ಮುರಿಯುತ್ತಿದ್ದವು. ನಡುವೆ ಮುರಿಯದೆ ಉಳಿದ ನೀರಿನ ದಾರಿ ಒಂದು ಗಾಡಿರಸ್ತೆಯಷ್ಟು ಅಗಲ. ಅದೂ ನೇರವಾಗಿರದೆ ತೆಂಕಣಕ್ಕೆ ಬಾಗಿತ್ತು. ರಾತ್ರಿ ನುಗ್ಗಿದ್ದರೆ ಎಲ್ಲಿಗೆ ಹೋಗುತ್ತಿದ್ದೆವೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆದರೂ ತಾಂಡೇಲ ಹೊರಡಲಿಲ್ಲ. ಮೂಡುಗಾಳಿ ಸತ್ತು ಪಡುಗಾಳಿ ಹುಟ್ಟಬೇಕು, ಉಬ್ಬರ ತುಂಬಬೇಕು. ಅಮಾವಾಸ್ಯೆಯ ಹತ್ತಿರದ ದಿನಗಳಲ್ಲಿ ನಮ್ಮ ಕರಾವಳಿಯಲ್ಲಿ ನೀರು ಐದಾರು ಅಡಿ ಏರುತ್ತದೆ; ಆ ಐದಾರು ಅಡಿಯ ಮೇಲೆ ನಮ್ಮೆಲ್ಲರ ಆಯುಸ್ಸು ನಿಂತಿತ್ತು. ನೀರು, ಗಾಳಿ, ಬೆಳಕು, ಈ ಮೂರು ಗ್ರಹಗಳು ಕೂಡುವವರೆಗೆ ಅವನು ಬೀಡಿ ಸೇದುತ್ತ ಕಾದ. ಹತ್ತು ಗಂಟೆಯ ಹೊತ್ತಿಗೆ ಕೂಟ ಕೂಡಿತು.

ದೊಡ್ಡ ಅಲೆಗಳು ಮೂರು ನಾಲ್ಕು ಸಾಲಾಗಿ ಬಂದುಹೋದ ಮೇಲೆ ಕಡಲು ತುಸು ಹೊತ್ತು ಉಸಿರು ತೆಗೆದುಕೊಳ್ಳುತ್ತದೆ. ಆ ಬಿಡುವಿಗೆ ಸರಿಯಾಗಿ ಹಾಯಿ ತುಂಬಿತು. ತಾಂಡೇಲ ತೆಂಗಿನಕಾಯಿಯನ್ನು ಹಣೆಗೆ ಮುಟ್ಟಿಸಿ ನೀರಿಗೆ ಬಿಟ್ಟ. ಆಳ ಕೂಗುವವನ ದನಿ ಏರಿತು: ಮೂರು ಮಾರು, ಎರಡೂವರೆ, ಎರಡು… ಹಿಂದಿನಿಂದ ಒಂದು ಅಲೆ ಮಂಜಿಯನ್ನು ಎತ್ತಿಕೊಂಡಿತು. ನನ್ನ ಹೊಟ್ಟೆ ಮೇಲಕ್ಕೆ ಹಾರಿತು. ಎರಡೂ ಬದಿಗೆ ಬಿಳಿಯ ನೊರೆ, ಕಿವಿ ಕಿವುಡಾಗುವ ಸದ್ದು. ಅಜ್ಜಿ ನನ್ನ ತೋಳನ್ನು ಹಿಡಿದಿದ್ದರು. ತಳ ಒಮ್ಮೆ ಮರಳನ್ನು ಸವರಿದಂತೆ ಸರ್ರೆಂದಿತು. ಅಪ್ಪಯ್ಯನ ಮುಖ ಬಿಳಿಚಿತು. ಇನ್ನೊಂದು ಅಲೆ ಎತ್ತಿತು. ಆಮೇಲೆ ಒಮ್ಮೆಗೇ ನಿಶ್ಶಬ್ದ. ನಾವು ಹೊಳೆಯೊಳಗಿದ್ದೆವು. ಗದ್ದೆಯ ಬದುವಿನ ಮೇಲೆ ಬಕಪಕ್ಷಿ ನಿಂತಿತ್ತು.

ದಕ್ಕೆಯಲ್ಲಿ ಇಳಿಯುವಾಗ ಅಪ್ಪಯ್ಯ ತಾಂಡೇಲನ ಮುಂದೆ ನಿಂತರು. ಏನೋ ಹೇಳಬೇಕೆಂದಿದ್ದರು, ಹೇಳಲಾರದೆ ಹೋದರು. ಕೊನೆಗೆ ಹೊರಬಿದ್ದದ್ದು ಇಷ್ಟೆ: “ವಾಪಸು ಯಾವಾಗ ಹೊರಡುತ್ತೀರಿ?”

‘ಹೊರಡುತ್ತೀರಿ’ ಎಂಬ ಆ ಬಹುವಚನವನ್ನು ತಾಂಡೇಲ ಕೇಳಿಸಿಕೊಂಡನೋ ಇಲ್ಲವೋ ಅರಿಯೆ. ನಾನು ಕೇಳಿಸಿಕೊಂಡೆ.

ಉಪ್ಪಿನೊಡನೆ ಮರಳಿದ್ದು

ಗೋಕರ್ಣದಲ್ಲಿ ಎಲ್ಲವೂ ಕ್ರಮದಂತೆ ನಡೆಯಿತು. ಕೋಟಿತೀರ್ಥದಲ್ಲಿ ಸ್ನಾನ, ಗಣಪತಿಯ ದರ್ಶನ, ಆತ್ಮಲಿಂಗದ ಸ್ಪರ್ಶ. ಶಿವರಾತ್ರಿಯ ಬಳಿಕ ನಡೆಯುವ ಮಹಾರಥೋತ್ಸವವನ್ನೂ ಕಂಡು, ಎಲ್ಲರೊಡನೆ ತೇರಿಗೆ ಬಾಳೆಹಣ್ಣು ಎಸೆದೆವು. ಆದರೆ ಹರಕೆಯ ರಾತ್ರಿ ತಪ್ಪಿಹೋಯಿತಲ್ಲವೆಂಬ ಕೊರಗು ಅಪ್ಪಯ್ಯನನ್ನು ಬಿಡಲಿಲ್ಲ. “ಮುಂದಿನ ವರ್ಷ ಮತ್ತೆ ಬರೋಣ” ಎಂದರು.

“ಬೇಡ. ಹರಕೆ ಸಂದಿದೆ” ಎಂದರು ಅಜ್ಜಿ. ಹೇಗೆಂದು ಹೇಳಲಿಲ್ಲ. ನನ್ನ ಕಡೆಗೆ ತಿರುಗಿ, ಬೇರೆಯವರಿಗೆ ಕೇಳಿಸದಂತೆ, “ಮಾಣಿ, ಆ ರಾತ್ರಿ ನಿನಗೆ ಎಚ್ಚರವಿತ್ತೇ?” ಎಂದು ಕೇಳಿದರು.

“ಇಲ್ಲ, ಅಜ್ಜಿ” ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಸುಳ್ಳು ಹೇಳಿದೆನೆಂದು ಅವರಿಗೆ ಗೊತ್ತಿತ್ತು. ಗೊತ್ತಿತ್ತೆಂದು ನನಗೂ ಗೊತ್ತಿತ್ತು.

ಮಂಜಿ ಸಾಣಿಕಟ್ಟೆಯ ಉಪ್ಪು ಹೇರಿಕೊಂಡು ಮರಳಿತು. ತೆಂಕಣಕ್ಕೆ ಹೋಗುವಾಗ ವಾಯವ್ಯದ ಗಾಳಿ ಬೆನ್ನಿಗೆ. ಮೂರು ಹಗಲು ಬಂದ ದಾರಿಯನ್ನು ಒಂದೂವರೆ ಹಗಲಿನಲ್ಲಿ ಮುಗಿಸಿದೆವು. ತಗ್ಗು ಬಿದ್ದ ಕೊಡಪಾನದಲ್ಲಿ ಅಜ್ಜಿ ಕೋಟಿತೀರ್ಥದ ನೀರನ್ನು ತುಂಬಿ ತಂದಿದ್ದರು. ತಾಂಡೇಲನಿಗೆಂದು ಪ್ರಸಾದದ ಪೊಟ್ಟಣವನ್ನೂ, ಗೋಕರ್ಣದ ಪೇಟೆಯಲ್ಲಿ ಕೊಂಡ ಎರಡು ತೆಂಗಿನಕಾಯಿಗಳನ್ನೂ ತಂದಿದ್ದರು. “ಒಂದು ಗಂಗೆಗೆ, ತಮ್ಮಾ. ಇನ್ನೊಂದು ನಿನಗೆ ಬೇಕಾದಾಗ ಒಡೆಯಲಿಕ್ಕೆ” ಎಂದರು.

ಇಂದು ಅಂಥ ಮಂಜಿಗಳಿಲ್ಲ. ಯಂತ್ರದ ದೋಣಿಗಳು ಬಂದವು, 1974ರಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಪ್ರಮುಖ ಬಂದರುಗಳಲ್ಲೊಂದಾಯಿತು, ಹೊಳೆಗಳಿಗೆ ಸೇತುವೆಗಳಾದವು, 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿತು. ಹೊನ್ನಾವರದಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯ ಮೇಲೆ ರೈಲು ಶರಾವತಿಯನ್ನು ದಾಟುವಾಗ ಪ್ರಯಾಣಿಕರು ಕಿಟಕಿಯಿಂದ ತಲೆಯನ್ನೂ ಎತ್ತುವುದಿಲ್ಲ. ಗಂಗೊಳ್ಳಿಯಿಂದ ಗೋಕರ್ಣಕ್ಕೆ ಈಗ ಕಾರಿನಲ್ಲಿ ಎರಡು ಮೂರು ಗಂಟೆ. ಒಳ್ಳೆಯದೇ, ಜ್ವರ ಬಂದ ಮಗುವನ್ನು ಕಟ್ಟಿಕೊಂಡು ಅಳಿವೆಯ ಹೊರಗೆ ರಾತ್ರಿ ಕಳೆದವರು ಯಾರೂ ಆ ಕಾಲ ಮರಳಲೆಂದು ಬಯಸಲಾರರು.

ಆ ತಾಮ್ರದ ಕೊಡಪಾನ ಈಗ ನನ್ನ ಮನೆಯಲ್ಲಿದೆ. ತಗ್ಗನ್ನು ಬಡಿದು ಸರಿಮಾಡಿಸೋಣವೆಂದು ಮನೆಯವರು ಎಷ್ಟೋ ಸಲ ಹೇಳಿದ್ದುಂಟು. ನಾನು ಒಪ್ಪಲಿಲ್ಲ. ಕಾರಣ ಕೇಳಿದವರಿಗೆ ಇಷ್ಟು ವರ್ಷ ಏನೂ ಹೇಳಿರಲಿಲ್ಲ. ಅಜ್ಜಿ ತೀರಿಕೊಂಡು ಎಷ್ಟೋ ವರ್ಷಗಳಾದವು, ತಾಂಡೇಲನೂ ಇಲ್ಲ. ಎಚ್ಚರವಿದ್ದ ಮೂವರಲ್ಲಿ ಉಳಿದವನು ನಾನೊಬ್ಬ. ಇನ್ನು ಹೇಳಬಹುದೆಂದು ತೋರಿತು; ಹೇಳಿದ್ದೇನೆ.